ಹೈವೇಯಲ್ಲಿ ಅದುರುವ ಕಾರು: ಬಿಚ್ಚುವ ಮೊದಲು ಓಡಿಸಿ ನೋಡಿ

ಹೈವೇಯಲ್ಲಿ ಸ್ಪೀಡು 80 ದಾಟಿದ ಕೂಡಲೇ ಕಾರು ಅದುರತೊಡಗಿದರೆ ಎಲ್ಲಿಂದ ಹುಡುಕಬೇಕು? ಕರ್ನಾಟಕದಲ್ಲಿ ಕಾರು ಓಡಿಸಿ, ಈಗ ಹೊರನಾಡಿನಲ್ಲಿ ಓಡಿಸುತ್ತಿರುವ ನಾನು ಇದಕ್ಕೆ ಎರಡು ಬಗೆಯ ಉತ್ತರ ಕಂಡಿದ್ದೇನೆ. ಅಲ್ಲಿ ನನಗೆ ಗೊತ್ತಿದ್ದ ಮೆಕ್ಯಾನಿಕ್‌ಗಳು "ಒಂದು ರೌಂಡ್ ಹೋಗಿ ಬರೋಣ ಸಾರ್" ಎಂದು ಪಕ್ಕದಲ್ಲಿ ಕೂರುತ್ತಿದ್ದರು. ಇಲ್ಲಿ ನನ್ನ ದೂರನ್ನು ಒಂದೇ ಸಾಲಿನಲ್ಲಿ ಬರೆದುಕೊಂಡು ಕಾರನ್ನು ಒಳಗೆ ಒಯ್ಯುತ್ತಾರೆ. ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತಲೂ ತೂಕ ಸಮ ಮಾಡುವ ಕೆಲಸ, ಮುಗಿಸಿ ಕೈಗೆ ಕೊಡುತ್ತಾರೆ.

ನನ್ನ ಮಟ್ಟಿಗೆ ಓಡಿಸಿ ನೋಡುವುದೇ ಮೊದಲ ಕೆಲಸ. ಅದುರು ಯಾವಾಗ ಬರುತ್ತದೆ, ಎಲ್ಲಿ ಗೊತ್ತಾಗುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಸ್ಟಿಯರಿಂಗ್ ನಡುಗಿದರೆ ಸಾಮಾನ್ಯವಾಗಿ ಮುಂದಿನ ಚಕ್ರ. ಸೀಟು, ನೆಲ ನಡುಗಿದರೆ ಹಿಂದಿನ ಚಕ್ರದ ಕಡೆ ನೋಡಬೇಕು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಬ್ರೇಕ್ ಡಿಸ್ಕ್ ಮೇಲೆ ಅನುಮಾನ. ಆಕ್ಸಿಲರೇಟರ್ ಒತ್ತಿದಾಗ ಬಂದು, ಕಾಲು ತೆಗೆದರೆ ಹೋಗುವುದಾದರೆ ಚಕ್ರ ತಿರುಗಿಸುವ ದಂಡವಾದ ಆಕ್ಸಲ್‌ನ ಒಳಗಿನ ಜಾಯಿಂಟ್ ನೋಡಿಸಿ. ನಿಧಾನವಾಗಿ ಹೋಗುವಾಗಲೂ ಕಾರು ಓಲಾಡಿದರೆ ಟೈರ್ ಒಳಪದರ ಬಿಟ್ಟಿರಬಹುದು, ಇಲ್ಲವೇ ರಿಮ್ ಬಾಗಿರಬಹುದು. ಇದೊಂದೂ ಆ ಒಂದು ಸಾಲಿನಲ್ಲಿ ಹಿಡಿಸುವುದಿಲ್ಲ, ಅಲ್ವಾ?

ಹಾಗಂತ ಕೈ, ಕಿವಿ ಎರಡನ್ನೇ ನಂಬಿ ಕೂರುವುದೂ ಸರಿಯಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸಾಮಾನ್ಯ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ. ಆಗ ರಿಮ್ ಅಂಚಿನಲ್ಲಿ 20 ಗ್ರಾಂ ಏರುಪೇರಿದ್ದರೂ ಅದು ಪ್ರತಿ ಸುತ್ತಿಗೂ ಸುಮಾರು ಮೂರು ಕಿಲೋ ತೂಕದಷ್ಟು ಬಲದಿಂದ ಚಕ್ರವನ್ನು ಜಗ್ಗುತ್ತದೆ. ವೇಗ ಎರಡರಷ್ಟಾದರೆ ಈ ಬಲ ನಾಲ್ಕರಷ್ಟಾಗುತ್ತದೆ. ಊರೊಳಗೆ ಗೊತ್ತೇ ಆಗದ ದೋಷ ಹೈವೇಯಲ್ಲಿ ಎದ್ದು ಕಾಣುವುದು ಇದಕ್ಕೇ. ಆ 20 ಗ್ರಾಂ ಯಾವ ಅನುಭವಿಯ ಕಣ್ಣಿಗೂ ಕಾಣುವುದಿಲ್ಲ. ಅಲ್ಲಿ ಮೆಷಿನ್ ಬೇಕೇ ಬೇಕು.

ಆದರೆ ಬ್ಯಾಲೆನ್ಸಿಂಗ್ ಮೆಷಿನ್ ನೋಡುವುದು ಬಿಚ್ಚಿದ ಚಕ್ರವನ್ನು ಮಾತ್ರ. ಚಕ್ರ ಕೂರಿಸುವ ಹಬ್ ಮೇಲಿನ ತುಕ್ಕಿನಿಂದ ಚಕ್ರ ಸರಿಯಾಗಿ ಕೂರದಿದ್ದರೆ, ಬೇರಿಂಗ್ ಅಥವಾ ಚಕ್ರವನ್ನು ಸಸ್ಪೆನ್ಷನ್, ಸ್ಟಿಯರಿಂಗ್‌ಗೆ ಜೋಡಿಸುವ ಬಾಲ್ ಜಾಯಿಂಟ್, ಟೈ ರಾಡ್ ಸವೆದಿದ್ದರೆ ಅದಕ್ಕೆ ಏನೂ ತಿಳಿಯದು. ಕಾರನ್ನು ಜಾಕ್ ಮೇಲೆ ಎತ್ತಿ, ಚಕ್ರವನ್ನು ಮೇಲೆ ಕೆಳಗೆ, ಎಡಬಲ ಹಿಡಿದು ಅಲ್ಲಾಡಿಸಿಯೇ ನೋಡಬೇಕು. ಅಂದರೆ ಮತ್ತೆ ಕೈಯೇ ಬೇಕು.

ಎರಡೂ ಕಡೆ ನನಗೆ ಬೇಸರ ತರಿಸುವ ಒಂದು ವಿಷಯ ಇದೆ. ಕಾರು ಅದುರುತ್ತದೆ ಎಂದರೆ ಸಾಕು, ಸುಮ್ನೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿಪಡಿಸುವ ಕೆಲಸ, ಮಾಡಿಸಿಬಿಡುತ್ತಾರೆ. ಅಲೈನ್‌ಮೆಂಟ್ ತಪ್ಪಿದ್ದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ, ಟೈರ್ ಒಂದು ಬದಿ ಜಾಸ್ತಿ ಸವೆಯುತ್ತದೆ. ಅದರಿಂದಲೇ ನೇರವಾಗಿ ಅದುರು ಬರುವುದು ಕಡಿಮೆ. ಅಂಕುಡೊಂಕಾಗಿ ಸವೆದ ಟೈರ್ ಅದುರುವುದು ನಿಜ. ಆದರೆ ಅಷ್ಟು ಸವೆದ ಮೇಲೆ ಅಲೈನ್‌ಮೆಂಟ್ ಮಾಡಿಸಿದರೂ ಆ ಟೈರ್ ಅದುರುತ್ತಲೇ ಇರುತ್ತದೆ.

ಅದಕ್ಕಿಂತ ಒಳ್ಳೆಯದು ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿ ಅದೇ ರಸ್ತೆಯಲ್ಲಿ ಓಡಿಸುವುದು. ಹಿಂದೆ ಮುಂದೆ ಒಂದೇ ಅಳತೆಯ ಟೈರ್ ಇರಬೇಕು, ಅಷ್ಟೇ. ಸ್ಟಿಯರಿಂಗಿನ ನಡುಕ ಸೀಟಿಗೆ ಹೋದರೆ ದೋಷ ಚಕ್ರದಲ್ಲೋ ಟೈರಿನಲ್ಲೋ ಇದೆ. ಜಾಗ ಬದಲಿಸದಿದ್ದರೆ ಹಬ್, ಬೇರಿಂಗ್, ಜಾಯಿಂಟ್‌ಗಳ ಕಡೆ ತಿರುಗಬೇಕು. ಯಾವ ಊರಿನಲ್ಲಿದ್ದರೂ ಇಷ್ಟನ್ನು ಕೇಳಿ ಮಾಡಿಸಿಕೊಳ್ಳಬಹುದು.

ಚಕ್ರ ಬಿಚ್ಚಿ ಹಾಕಿಸಿದ ಮೇಲೆ ಹೊಸದಾಗಿ ಅದುರು ಶುರುವಾದರೆ ಮಾತ್ರ ಓಡಿಸಿ ನೋಡಲು ಹೋಗಬೇಡಿ. ನಟ್ ಸಡಿಲ ಇರಬಹುದು. ಟೈರ್ ಪಕ್ಕದಲ್ಲಿ ಉಬ್ಬು ಕಂಡರೂ ಹಾಗೆಯೇ. ಅಲ್ಲೇ ನಿಲ್ಲಿಸಿ, ಮೆಕ್ಯಾನಿಕ್‌ನ್ನು ಕಾರಿದ್ದಲ್ಲಿಗೇ ಕರೆಸಿ.