ಕಾರ್ಪೆಟ್ ಮೇಲೆ ಚಿತ್ರಾನ್ನ

ಔಟರ್ ರಿಂಗ್ ರೋಡಿನ ಆಫೀಸುಗಳಿಗೆ ಕಾರ್ಪೆಟ್ ಹಾಸಬೇಕು ಅಂತ ತೀರ್ಮಾನಿಸಿದ ಪುಣ್ಯಾತ್ಮ ಯಾರೋ, ಡಬ್ಬಿಯಲ್ಲಿ ಚಿತ್ರಾನ್ನ ತಂದವನಂತೂ ಅಲ್ಲ. ಮಣ್ಣು ಉದುರಲಿ ಅಂತ ಬಾಗಿಲಲ್ಲಿ ಉದ್ದಕ್ಕೆ ಮ್ಯಾಟ್ ಹಾಕಿದ್ದಾರೆ. ನಾವು ಅದನ್ನು ಜಿಗಿದು ದಾಟುತ್ತೇವೆ. ಪಂಚ್ ಮಾಡೋಕೆ ತಡ ಆಗಿರುತ್ತಲ್ವಾ.

ಒಂದು ಶುಕ್ರವಾರ ಮಧ್ಯಾಹ್ನ ಮೀಟಿಂಗ್ ರೂಮಿನ ಎದುರೇ ಪಕ್ಕದ ಸೀಟಿನವನ ಡಬ್ಬಿ ಮಗುಚಿತು. ಬೂದು ಕಾರ್ಪೆಟ್ ಮೇಲೆ ಹಳದಿ ಅನ್ನ, ಎಣ್ಣೆ, ಕಡ್ಲೆಬೀಜ. ಸಲಹೆ ಕೊಡೋಕೆ ಇಡೀ ಫ್ಲೋರ್ ಬಂತು, ಚಮಚ ತರೋಕೆ ಒಬ್ಬರೂ ಇಲ್ಲ. ಅವನು ಗಾಬರಿಯಲ್ಲಿ ಪ್ಯಾಂಟ್ರಿಯಿಂದ ಸೋಪಿನ ಪುಡಿ ತಂದು, ಒಂದು ಜಗ್ ನೀರು ಸುರಿದು ಗಸಗಸ ಉಜ್ಜಿದ.

ಹಳದಿ ಇದ್ದದ್ದು ನೋಡ್ತಾ ನೋಡ್ತಾ ಕೆಂಪಾಯಿತು.

ಅರಿಶಿನಕ್ಕೆ ಸೋಪು ತಾಗಿದರೆ ಹಾಗೇ. ಅರಿಶಿನಕ್ಕೆ ಸುಣ್ಣ ಸೇರಿಸಿಯೇ ಕುಂಕುಮ ಮಾಡೋದು, ಅಜ್ಜಿಯರಿಗೆಲ್ಲ ಗೊತ್ತು. ಇಂಜಿನಿಯರುಗಳಿಗೆ ಗೊತ್ತಿರಲಿಲ್ಲ. ಅದೇ ಹೊತ್ತಿಗೆ ಬಂದ ಎಚ್‌ಆರ್ ಮೇಡಂ "ಯಾರಿಗೆ ಏಟಾಯ್ತು?" ಅಂತ ಫಸ್ಟ್ ಏಡ್ ಬಾಕ್ಸಿಗೆ ಓಡಿದರು.

ಕೊನೆಗೆ ಬಂದವರು ಹೌಸ್‌ಕೀಪಿಂಗ್ ಅಕ್ಕ. "ಉಜ್ಜಬೇಡಿ ಸರ್, ಒಳಗೆ ಇಳಿಯುತ್ತೆ. ಮೊದಲು ಅನ್ನ ಎತ್ತಬೇಕು. ಆಮೇಲೆ ಒಣಬಟ್ಟೆ ಇಟ್ಟು ಅಂಚಿಂದ ನಡುವಿಗೆ ಒತ್ತಬೇಕು." ಬಟ್ಟೆ ಮಡಿಸಿ ಮಡಿಸಿ ಒತ್ತಿದರು. ಸಂಜೆಗೆ ಕಲೆ ಹೋದ ಹಾಗೇ ಕಾಣಿಸಿತು. ಅವನು ಎಲ್ಲರಿಗೂ ಕಾಫಿ ಕೊಡಿಸಿದ. (ಕಾರ್ಪೆಟ್ ಇಲ್ಲದ ಜಾಗದಲ್ಲಿ.)

ಶನಿವಾರ, ಭಾನುವಾರ ಎಸಿ ಆಫ್. ಸೋಮವಾರ ಬಾಗಿಲು ತೆಗೆದರೆ ಹಳಸಿದ ಒಗ್ಗರಣೆ ವಾಸನೆ, ಕಲೆ ಮತ್ತೆ ಹಾಜರ್. ಜಗ್ ನೀರು ಅಡಿಯವರೆಗೂ ಇಳಿದಿತ್ತು. ಒಣಗುತ್ತಾ ಅರಿಶಿನವನ್ನೂ ನೂಲಿನ ತುದಿಗೆ ಎಳೆದು ತಂದಿತ್ತು. ಮೇಲೆ ಉಳಿದ ಸೋಪಿಗೆ ವಾರಾಂತ್ಯದ ಧೂಳೂ ಅಂಟಿ ಕಪ್ಪು ಅಂಚು ಬೇರೆ.

ಅಕ್ಕ ತಲೆ ಕೆಡಿಸಿಕೊಳ್ಳಲಿಲ್ಲ. ಈ ಕಾರ್ಪೆಟ್ ಒಂದೇ ಹಾಸಲ್ಲ, 50 ಸೆಂಟಿಮೀಟರ್ ಚೌಕದ ಬಿಲ್ಲೆಗಳು. ಕಲೆಯ ಬಿಲ್ಲೆಯನ್ನು ಮೂಲೆ ಹಿಡಿದು ಕಿತ್ತರು. ಬಾಸ್ ಕ್ಯಾಬಿನ್ನಿನ ಸೋಫಾ ಕೆಳಗಿಂದ ಒಂದು ತಂದು ಇಲ್ಲಿ ಕೂರಿಸಿದರು. ಇಲ್ಲಿದ್ದದ್ದು ಸೋಫಾ ಕೆಳಗೆ ಹೋಯಿತು. ಅಲ್ಲಿ ಆಗಲೇ ಸಾಂಬಾರಿನದೊಂದು, ಮಾರ್ಕರ್ ಇಂಕಿನದೊಂದು ಇತ್ತಂತೆ. ಯಾರ ಕಾಲೂ ತಾಗದ ಹೊಸ ಬಿಲ್ಲೆ ಈಗ ಸುತ್ತಲಿನದಕ್ಕಿಂತ ಎಷ್ಟೋ ಗಾಢ. ಕಲೆ ನೋಡದಿದ್ದವರೂ "ಇಲ್ಲೇನಾಯ್ತು?" ಅಂತ ನಿಂತು ಕೇಳುತ್ತಾರೆ.

ಹೋದ ವಾರ ಹೊಸ ಬಾಸ್ ಬಂದರು. ಒಳ್ಳೆಯವರು. ವಾಸ್ತು ಸ್ವಲ್ಪ ಜಾಸ್ತಿ ನೋಡುತ್ತಾರೆ. ಸೋಫಾ ಆ ಗೋಡೆಗೆ ಇರಬಾರದಂತೆ.