ಏಳನೇ ಹೆಸರು

ಮುಂಬೈಯ ಸೆಂಟ್ರಲ್ ಲೈನಿನ ಒಂದು ಉಪನಗರದಲ್ಲಿ ನಮ್ಮ ಕನ್ನಡ ಸಂಘವಿದೆ. ಸಂಘದಲ್ಲಿ ಪುಸ್ತಕದ ಕಪಾಟಿದೆ. ಕಪಾಟಿನ ಬೀಗದ ಕೈ ಮಾತ್ರ ಮೀರಾ ರೋಡಿನಲ್ಲಿ, ಮಾಜಿ ಕಾರ್ಯದರ್ಶಿಗಳ ಮನೆಯ ಫ್ರಿಜ್ಜಿನ ಮೇಲೆ, 11 ವರ್ಷದಿಂದ ಸುಖವಾಗಿದೆ.

ಆ ವರ್ಷದ ರಾಜ್ಯೋತ್ಸವದ ಆಮಂತ್ರಣದಲ್ಲಿ ಅವರ ಹೆಸರು ಏಳನೆಯದಾಗಿ ಬಿತ್ತು. ಇರಬೇಕಾದದ್ದು ಮೂರನೆಯದಂತೆ. ಅವರಿಗೆ ಬೇಜಾರಾಯಿತು, ಬರಲಿಲ್ಲ. ಬರಲಿಲ್ಲವೆಂದು ಅಧ್ಯಕ್ಷರಿಗೆ ಬೇಜಾರಾಯಿತು, ಮರುವರ್ಷ ಹೆಸರನ್ನೇ ಹಾಕಿಸಲಿಲ್ಲ. ಹೆಸರಿಲ್ಲದ ಕಡೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಹೋಗಲಿಲ್ಲ. "ನೋಡಿದ್ರಾ ಮಾರಾಯ್ರೆ, ಹಾಕದ್ದೇ ಒಳ್ಳೇದಾಯ್ತು, ಹೇಗೂ ಬರ್ಲಿಲ್ಲ" ಎಂದರು ಅಧ್ಯಕ್ಷರು. ಇಬ್ಬರ ಲೆಕ್ಕವೂ ಸರಿ. ಪ್ರತಿ ನವೆಂಬರಿಗೂ ತಾಳೆಯಾಗುತ್ತದೆ.

ಹೋದ ಮಹಾಸಭೆಯಲ್ಲಿ ಮೈಕು ಕೂಂಯ್ ಎಂದು ಕಿರುಚಿಕೊಂಡಿತು. ಮೈಕು ಸ್ಪೀಕರಿಗೆ ಮುಖ ಮಾಡಿ ನಿಂತರೆ ಹೀಗೇ: ಸ್ಪೀಕರಿನ ಸದ್ದು ಮೈಕಿಗೆ ನುಗ್ಗುತ್ತದೆ, ಆಂಪ್ಲಿಫೈಯರಿನಲ್ಲಿ ಉಬ್ಬುತ್ತದೆ, ಸ್ಪೀಕರಿನಿಂದ ಹೊರಬಿದ್ದು ಮತ್ತೆ ಮೈಕಿಗೆ ನುಗ್ಗುತ್ತದೆ. ಯಾರೂ ಬಾಯಿ ತೆರೆಯದಿದ್ದರೂ ಕಿರುಚಾಟ ಮಾತ್ರ ನಡೆದೇ ಇರುತ್ತದೆ. ಸೌಂಡಿನ ಹುಡುಗ ಓಡಿ ಬಂದು, ಮೈಕನ್ನು ಅತ್ತ ಸರಿಸಿ, ಒಂದು ಗುಂಡಿ ತಿರುವಿದ. ನಿಂತಿತು. ಇವನನ್ನೇ ಉಪಾಧ್ಯಕ್ಷ ಮಾಡೋಣ ಅನ್ನಿಸಿತು. ಹೇಳಲಿಲ್ಲ, ಈಗಿರುವ ಉಪಾಧ್ಯಕ್ಷರಿಗೆ ಬೇಜಾರಾದೀತು.

ವಾಟ್ಸಾಪಿಗೆ ನೀಲಿ ಗೆರೆ ಬಂದದ್ದು 2014ರ ನವೆಂಬರಿನಲ್ಲಿ. ಅಲ್ಲಿಯವರೆಗೆ "ಪಾಪ, ನೋಡ್ಲಿಲ್ಲವೋ ಏನೋ" ಎಂಬ ಸಮಾಧಾನವೊಂದಿತ್ತು. ಮೊನ್ನೆ ನಮ್ಮ ಖಜಾಂಚಿಗಳು ಲೋಕಲಿನ ಬಾಗಿಲಲ್ಲಿ ಒಂಟಿಗಾಲಲ್ಲಿ ನೇತಾಡುತ್ತ ಕುರ್ಲಾದಲ್ಲಿ ಯಾರದೋ ಶುಭಾಶಯ ನೋಡಿದರು, ಉತ್ತರಿಸಲು ಇನ್ನೊಂದು ಕೈ ಇರಲಿಲ್ಲ. ದಾದರ್ ಬರುವಷ್ಟರಲ್ಲಿ ಗ್ರೂಪಿನಿಂದ ಮೂವರು ಲೆಫ್ಟ್.

ಫೇಸ್‌ಬುಕ್ಕಿನವರು 2012ರ ಜನವರಿಯಲ್ಲಿ ಒಂದು ವಾರ ಜನರ ಮನಸ್ಸಿನ ಮೇಲೆ ಪ್ರಯೋಗ ಮಾಡಿದ್ದರು. ಬಳಸಿದ್ದು 6,89,003 ಖಾತೆಗಳನ್ನು. ಖುಷಿಯ ಬರಹ ಕಡಿಮೆ ಕಂಡವರು ತಾವು ಬರೆಯುವಾಗಲೂ ಸ್ವಲ್ಪ ಸಪ್ಪಗಾದರು. ಪರಿಣಾಮ ತೀರ ಸಣ್ಣದಿತ್ತಂತೆ. ನಮ್ಮಲ್ಲಿಗೆ ಬಂದಿದ್ದರೆ 120 ಸದಸ್ಯರೇ ಧಾರಾಳವಾಗುತ್ತಿತ್ತು.

ಮುಂಬೈಯಲ್ಲಿ ನಮ್ಮ ಊರಿನವರ ಸಂಘಗಳು ಇಂದು ನಿನ್ನೆಯವಲ್ಲ: ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದ್ದು. ಇದೇ ಊರಿನಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದ ಹುಡುಗರು ಕನ್ನಡ ರಾತ್ರಿಶಾಲೆಯಲ್ಲಿ ಕೂತು ಪರೀಕ್ಷೆ ಕಟ್ಟಿ, ವಕೀಲರಾದರು, ಬ್ಯಾಂಕ್ ಅಧಿಕಾರಿಗಳಾದರು. ಯಜಮಾನರು ಬೈದಾಗ ಅವರಿಗೂ ಬೇಜಾರಾಗಿದ್ದೀತು. ಆದರೆ ಸಂಜೆಗೆ ಬೀಜಗಣಿತ ಕಾಯುತ್ತಿತ್ತಲ್ಲ, ಬೇಜಾರನ್ನು ತಿದಿ ಊದಿ ಉರಿಸಲು ಹೊತ್ತೆಲ್ಲಿ? ನಮ್ಮ ಕಪಾಟಿನೊಳಗಿರುವುದು ಅವರು ಓದಿದ ಪುಸ್ತಕಗಳೇ. ಈಗ ಗೆದ್ದಲು ಓದುತ್ತಿದೆ, ಅದಕ್ಕೆ ಬೀಗದ ಕೈ ಬೇಡ.

ತಡೆಯದೆ ಮೀರಾ ರೋಡಿಗೆ ಫೋನ್ ಮಾಡಿದೆ. "ಕೊಡುದಿಲ್ಲ ಅಂತ ಯಾರು ಹೇಳಿದ್ದು? ಆದ್ರೆ ಅಧ್ಯಕ್ಷರೇ ಫೋನ್ ಮಾಡಿ ಕೇಳ್ಬೇಕು."

ಅಧ್ಯಕ್ಷರನ್ನು ಕೇಳಿದೆ. "ಕೇಳುವ, ಅದಕ್ಕೆಂತ? ಕೊಡ್ತೇನೆ ಅಂತ ಮೊದ್ಲು ಅವ್ರು ಹೇಳ್ಲಿ."

ಸಮಿತಿ ಕೂತು 'ಮನಸ್ತಾಪ ನಿವಾರಣಾ ಉಪಸಮಿತಿ' ರಚಿಸಿತು. ಸಂಚಾಲಕರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಸಿಗಲಿಲ್ಲವಾಗಿ ಮೊದಲ ಸಭೆಯಲ್ಲೇ ರಾಜೀನಾಮೆ.

ಕಡೆಗೆ ಬೀಗ ಒಡೆಸುವ ಠರಾವನ್ನು ನಾನೇ ಮಂಡಿಸಿದೆ. ಅನುಮೋದಕರು ಸಿಗಲಿಲ್ಲ, ಅದೇನೂ ದೊಡ್ಡ ವಿಷಯವಲ್ಲ. ಆದರೆ ನಡಾವಳಿ ಪುಸ್ತಕ ತೆರೆದು ನೋಡುತ್ತೇನೆ, ಠರಾವು ಮಂಡಿಸಿದವರು 'ಒಬ್ಬ ಸದಸ್ಯರು' ಎಂದಿದೆ! ಇಪ್ಪತ್ತು ವರ್ಷ ಈ ಸಂಘಕ್ಕೆ ದುಡಿದವನು ನಾನು. ಭಾನುವಾರ ಸಭೆಯಿದೆ. ಹೋಗುವುದೋ ಬೇಡವೋ ನೋಡಬೇಕು.