ಓಪನ್ ಜಿಮ್‌ಗೆ ಲಕ್ಷ ಉಂಟು, ಗ್ರೀಸಿಗೆ ದುಡ್ಡಿಲ್ಲ!

ಬಜೆಟ್ ಹತ್ತಿರ ಬಂತು ಅಂದ್ರೆ ಮಂಗಳೂರಲ್ಲಿ ಅದೇ ಹಳೇ ಚರ್ಚೆ. ಪಾರ್ಕಿಗೆ ಓಪನ್ ಜಿಮ್, ಅಂದರೆ ಬಯಲಲ್ಲಿ ನಿಲ್ಲಿಸುವ ಕಬ್ಬಿಣದ ವ್ಯಾಯಾಮದ ಯಂತ್ರ, ಬೇಕಾ, ಬೇಡವಾ? ಒಬ್ಬರು "ಮೊದಲು ಚರಂಡಿ ಸರಿ ಮಾಡಿ" ಅಂತಾರೆ. ಇನ್ನೊಬ್ಬರು "ಹಿರಿಯ ನಾಗರಿಕರ ಆರೋಗ್ಯ" ಅಂತಾರೆ. ಎಷ್ಟು ಲಕ್ಷ, ಯಾವ ವಾರ್ಡು, ಬೋರ್ಡಲ್ಲಿ ಯಾರ ಹೆಸರು, ಅಷ್ಟಕ್ಕೇ ಮಾತು ಮುಗಿಯಿತು. ಆ ಕಬ್ಬಿಣ ಇಲ್ಲಿಯ ಮಳೆಗೆ ಎಷ್ಟು ವರ್ಷ ನಿಲ್ತದೆ ಅಂತ ಕೇಳುವವರು ಒಬ್ಬರೂ ಇಲ್ಲ ಮಾರಾಯ್ರೆ!

ಇದು ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಊರು. ಮೇಲಿಂದ ಉಪ್ಪು ಗಾಳಿ. ಎಸ್ಟಿಮೇಟಿನಲ್ಲಿ ಬರೆಯುವುದು "ಎಂ.ಎಸ್. ಪೈಪ್, ಪೌಡರ್ ಕೋಟೆಡ್" ಅಂತ ಒಂದೇ ಸಾಲು. ಎಂ.ಎಸ್. ಅಂದರೆ ಮೈಲ್ಡ್ ಸ್ಟೀಲ್, ಸಾದಾ ಉಕ್ಕು. ದಾವಣಗೆರೆಯ ಪಾರ್ಕಿಗೆ ಅದು ಸಾಕಾದೀತು, ಕಡಲ ಬದಿಯ ಪಣಂಬೂರಿಗೆ ಸಾಕಾಗುವುದಿಲ್ಲ. ಪೌಡರ್ ಕೋಟಿಂಗ್ ಅಂದರೆ ಬಣ್ಣದ ಅಂಗಿ, ಅಷ್ಟೇ. ಎಲ್ಲಿ ಕೈ ಹಿಡಿತೇವೋ, ಎಲ್ಲಿ ಚಪ್ಪಲಿ ಉಜ್ಜುತ್ತದೋ, ಅಲ್ಲೇ ಮೊದಲು ಹರಿಯುವುದು. ಹರಿದಲ್ಲಿಂದ ನೀರು ಬಣ್ಣದ ಅಡಿಗೆ ನುಗ್ಗಿ ತುಕ್ಕು ಹಬ್ಬುತ್ತದೆ. ಹೊರಗೆ ಹಳದಿ-ನೀಲಿ ಬಣ್ಣ ಚಂದ ಉಂಟು, ಒಳಗೆ ಪೈಪು ಹಪ್ಪಳ.

ಬೇಕಾದ್ದು ಹಾಟ್ ಡಿಪ್ ಗ್ಯಾಲ್ವನೈಸಿಂಗ್. ಕೊರೆಯುವುದು, ವೆಲ್ಡಿಂಗ್ ಎಲ್ಲ ಮುಗಿದ ಮೇಲೆ ಇಡೀ ತುಂಡನ್ನು ಕರಗಿದ ಸತುವಿನಲ್ಲಿ ಮುಳುಗಿಸುವುದು, ಬಣ್ಣ ಅದರ ಮೇಲೆ. 3ರಿಂದ 6 ಮಿ.ಮೀ. ದಪ್ಪದ ಉಕ್ಕಿಗೆ ಸರಾಸರಿ ಕನಿಷ್ಠ 70 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ಯ ಸಾವಿರದಲ್ಲೊಂದು ಪಾಲು) ಸತು ಕೂರಬೇಕು. ಗಾಳಿಯಿಂದ ಲೋಹ ಸವೆಯುವುದನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 9223ರ ಲೆಕ್ಕದಲ್ಲಿ ಕಡಲ ಬದಿಯ ಸಿ-5 ವರ್ಗದ ಗಾಳಿ ವರ್ಷಕ್ಕೆ 4.2ರಿಂದ 8.4 ಮೈಕ್ರಾನ್ ಸತು ತಿನ್ನುತ್ತದೆ. ಅಂದರೆ ಕಮ್ಮಿಯಲ್ಲಿ ಎಂಟು ವರ್ಷಕ್ಕೆ ಚಿಂತೆ ಇಲ್ಲ. ಆದರೆ ಬಿಲ್ಲಿನಲ್ಲಿ "ಜಿಂಕ್ ಕೋಟೆಡ್" ಅಂತ ಮಾತ್ರ ಇದ್ದರೆ ಅದು ಎಲೆಕ್ಟ್ರೋಪ್ಲೇಟಿಂಗೂ ಆಗಬಹುದು. ಅದು ಹತ್ತು ಮೈಕ್ರಾನ್ ಆಸುಪಾಸು. ಎರಡು ಮಳೆಗಾಲಕ್ಕೆ ಖಾಲಿ!

ಇನ್ನು ಸ್ಟೇನ್‌ಲೆಸ್ ಸ್ಟೀಲ್ ಅಂತ ಬೀಗುವವರು. ಚೆಕ್ ಮಾಡುವುದು ಹೇಗೆ ಗೊತ್ತುಂಟಾ? ಕಿಸೆಯಿಂದ ಮ್ಯಾಗ್ನೆಟ್ ತೆಗೆದು ಪೈಪಿಗೆ ಹಿಡಿಯುವುದು, ಅಂಟಲಿಲ್ಲ ಅಂದರೆ "ಒಳ್ಳೇ ಮಾಲು" ಅಂತ ಸಹಿ. ಅಲ್ಲ ಸ್ವಾಮಿ, ಅಗ್ಗದ 202 ಗ್ರೇಡಿಗೂ ಮ್ಯಾಗ್ನೆಟ್ ಹೆಚ್ಚುಕಮ್ಮಿ ಅಂಟುವುದಿಲ್ಲ! ಕಡಲ ಬದಿಗೆ ಬೇಕಾದ್ದು 316, ಅದರಲ್ಲಿ 2-3 ಶೇಕಡಾ ಮಾಲಿಬ್ಡಿನಮ್ ಇರುತ್ತದೆ. ಅದನ್ನು ಹಿಡಿಯಲಿಕ್ಕೆ ಎರಡು ಹನಿ ಬಿಟ್ಟು ನೋಡುವ ಟೆಸ್ಟ್ ಕಿಟ್ ಸಿಗ್ತದೆ. ಮ್ಯಾಗ್ನೆಟ್ ಫ್ರಿಜ್ಜಿನ ಬಾಗಿಲಿಗೆ ಇರಲಿ.

ನಿಜವಾಗಿ ಮಂಡೆಬಿಸಿ ಆಗುವುದು ಬೇರಿಂಗಿನ ವಿಷಯಕ್ಕೆ. ಏರ್ ವಾಕರ್ ಅಂತ ಉಂಟಲ್ಲ, ನಿಂತು ಕಾಲು ಹಿಂದೆ ಮುಂದೆ ತೂಗುವುದು, ಅದರ ಜೀವ ಇರುವುದೇ ಮೇಲಿನ ಬೇರಿಂಗಿನಲ್ಲಿ. ಬೇರಿಂಗಿನ ನಂಬರಿನ ಕೊನೆಗೆ "2ಆರ್‌ಎಸ್" ಅಂತ ಇದ್ದರೆ ಎರಡೂ ಬದಿ ರಬ್ಬರ್ ಸೀಲ್. "ಝಡ್‌ಝಡ್" ಅಂತ ಇದ್ದರೆ ತಗಡಿನ ಮುಚ್ಚಳ. ಧೂಳು ತಡೆದೀತು, ನೀರು ತಡೆಯುವುದಿಲ್ಲ. ಝಡ್‌ಝಡ್ ಹಾಕಿದರೆ ಮೊದಲ ಆಟಿ ತಿಂಗಳಿಗೇ (ಜುಲೈ-ಆಗಸ್ಟ್) ಗ್ರೀಸ್ ತೊಳೆದು ಹೋಗಿ ಹೌಸಿಂಗಿನಿಂದ, ಅಂದರೆ ಬೇರಿಂಗ್ ಕೂರುವ ಗೂಡಿನಿಂದ, ಕಂಬದ ಮೇಲೆ ಕೆಂಪು ನೀರಿನ ಗೀರು ಇಳಿಯುತ್ತದೆ. ಆಗಲೇ ಬಿಚ್ಚಿದರೆ ಕೆಲವು ನೂರು ರೂಪಾಯಿಯ ಬೇರಿಂಗ್, ಅದನ್ನು ಹಿಡಿದಿಡುವ ಬಳೆ ಬಿಚ್ಚಲಿಕ್ಕೆ ಒಂದು ಸರ್ಕ್ಲಿಪ್ ಇಕ್ಕಳ, ಅರ್ಧ ಗಂಟೆಯ ಕೆಲಸ. ಬಿಚ್ಚುವುದಿಲ್ಲ. ಕಿರ್ರ್ ಅಂತ ಸದ್ದು ಬರ್ತದೆ, ಆಮೇಲೆ ಬೇರಿಂಗ್ ಜಾಮ್, ಆಮೇಲೆ ಅದರ ಹೊರಬಳೆಯೇ ಹೌಸಿಂಗಿನೊಳಗೆ ತಿರುಗಿ ತೂತು ದೊಡ್ಡ ಮಾಡ್ತದೆ. ಅಲ್ಲಿಗೆ ಹೊಸ ಬೇರಿಂಗ್ ತಂದರೂ ಕೂರುವುದಿಲ್ಲ, ಇಡೀ ತೋಳು ಬದಲಿಸಬೇಕು. ಕೆಲವಕ್ಕೆ ಹೌಸಿಂಗನ್ನೇ ವೆಲ್ಡ್ ಮಾಡಿ ಮುಚ್ಚಿರ್ತಾರೆ, ಬಿಚ್ಚುವ ಪ್ರಶ್ನೆಯೇ ಇಲ್ಲ. ಅಂಥದ್ದನ್ನು ಪಾಸ್ ಮಾಡುವವರ ಸೊಂಟ ಅದರ ಮೇಲೆಯೇ ಉಳುಕಬೇಕು!

ಬುಡದ ಕಥೆ ಬೇರೆ. ಕಂಬದ ಬುಡದ ತಗಡು, ಬೇಸ್ ಪ್ಲೇಟ್, ಕಾಂಕ್ರೀಟಿನ ಮೇಲೆ ಎದ್ದು ಕಾಣಬೇಕು, ಸುತ್ತ ಇಳಿಜಾರು ಬೇಕು, ನೀರು ಹರಿದು ಹೋಗಬೇಕು. ಇವರು ಚಂದಕ್ಕೆ ಅದರ ಮೇಲೆ ಇಂಟರ್‌ಲಾಕ್ ಇಟ್ಟಿಗೆ ಹಾಸ್ತಾರೆ. ನಾಲ್ಕು ಬೋಲ್ಟೂ ಒದ್ದೆ ಮಣ್ಣಿನಡಿ. ಸಡಿಲ ಆದರೂ ಕಾಣುವುದಿಲ್ಲ, ಸ್ಪ್ಯಾನರ್ ಹಾಕಲಿಕ್ಕೂ ಜಾಗ ಇಲ್ಲ. ಮಳೆಗಾಲದಲ್ಲಿ ಇಂಟರ್‌ಲಾಕಿಗೆ ಪಾಚಿ ಹಿಡಿಯುತ್ತದೆ, ಜಾರುತ್ತದೆ ಅಂತ ದೂರು ಹೋದ ಕೂಡಲೇ ಬ್ಲೀಚಿಂಗ್ ಪೌಡರ್ ಎರಚುವುದು. ಅದರ ಕ್ಲೋರಿನ್ ಪಾಚಿಯ ಜೊತೆಗೆ ಬುಡದ ಸತುವನ್ನೂ ತಿನ್ನುತ್ತದೆ. ಗಟ್ಟಿ ಬ್ರಷ್ ಹಾಕಿ ಉಜ್ಜಿದರೆ ಆಗುವುದಿಲ್ಲವಾ?

ವಾರಂಟಿ ಅಂತೀರಾ? ಒಂದು ವರ್ಷ ಅಂತ ಬರೆಸಿ, ಮಾರ್ಚ್ ಒಳಗೆ ಬಿಲ್ ಆಗಬೇಕು ಅಂತ ಫೆಬ್ರವರಿಯಲ್ಲಿ ಗಡಿಬಿಡಿಯಿಂದ ನಿಲ್ಲಿಸಿದರೆ ಅದು ನೋಡುವುದು ಒಂದೇ ಮಳೆಗಾಲ. ಕನಿಷ್ಠ ಮೂರು ಮಳೆಗಾಲದ ನಿರ್ವಹಣೆ ಟೆಂಡರಿನೊಳಗೇ ಇರಲಿ, ಅಷ್ಟು ದಿನ ಗುತ್ತಿಗೆದಾರರ ಠೇವಣಿ ಬಿಡಬೇಡಿ. ಪ್ರತಿ ವರ್ಷ ಪತ್ತನಾಜೆಯೊಳಗೆ (ಮೇ ಕೊನೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ) ಬೋಲ್ಟ್ ಬಿಗಿ ಮಾಡಿ, ಸೀಲ್ ನೋಡಿ, ಗ್ರೀಸ್ ತುಂಬಿ, ಗೀರಿದಲ್ಲೆಲ್ಲ ಜಿಂಕ್ ರಿಚ್ ಪೇಂಟ್ ಬಳಿಯಬೇಕು. ಮೇಳದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ಇವರು ಗ್ರೀಸ್ ಗನ್ ಹಿಡಿದರೆ ಸಾಕು.

ಅಷ್ಟೂ ಆಗುವುದಿಲ್ಲ ಅಂತಾದರೆ ತಿರುಗುವ, ತೂಗುವ ಯಂತ್ರಕ್ಕೆ ಒಂದು ರೂಪಾಯಿಯೂ ಮಂಜೂರು ಮಾಡಬೇಡಿ. ಕದಲದ ಕಂಬಿ ಹಾಕಿ. ಒಂದಿಂಚಿನ ಜಿ.ಐ. (ಸತು ಲೇಪಿಸಿದ) ಪೈಪು, ಹೊರ ಅಳತೆ 33.7 ಮಿ.ಮೀ., ಕೈಹಿಡಿತಕ್ಕೆ ಸರಿಯಾಗ್ತದೆ. ನೇತಾಡಲಿಕ್ಕೆ 2.2 ಮತ್ತು 2.4 ಮೀಟರಿನಲ್ಲಿ ಒಂದೊಂದು, ವಯಸ್ಸಾದವರು ಹಿಡಿದು ಕೂತು ಏಳಲಿಕ್ಕೆ ಒಂದು ಮೀಟರಿನಲ್ಲಿ ಇನ್ನೊಂದು, ಮತ್ತೆ ಒಂದು ಜೊತೆ ಪ್ಯಾರಲಲ್ ಬಾರ್. ಎತ್ತರದ ಕಂಬಿಯಡಿ 30 ಸೆಂ.ಮೀ. ಹೊಯಿಗೆ (ಮರಳು), ಅದರಡಿ ನೀರು ಇಂಗಲಿಕ್ಕೆ ಜಲ್ಲಿ. ಹೊಯಿಗೆ ಹೊಳೆಯದ್ದೇ ಆಗಬೇಕು. ಬೀಚಿನಿಂದ ಪಿಕಪ್ಪಿನಲ್ಲಿ ತಂದು ಸುರಿದು, ಆ ಉಪ್ಪನ್ನೂ ಪೈಪಿಗೆ ತಿನ್ನಿಸಬೇಡಿ.